ತಾಟಿನಿಂದ ಜಾರಿದ ರೊಟ್ಟಿ, ಕಪ್ಪಿಗೆ ಸುರಿದ ಸಕ್ಕರೆ

(ದೇವಣಗಾಂವದಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಊರಿಗೆ ಬರುವಾಗ ರಸ್ತೆಯ ಇಕ್ಕೆಲಗಳಲ್ಲೂ ಕಬ್ಬು ನಿಂತಿರುವುದನ್ನು ನೋಡುತ್ತ ಬಂದೆವು. ಭೀಮಾ ತೀರದ ಈ ಎರೆಭೂಮಿ ಹಿಂಗಾರಿ ಬಿಳಿಜೋಳಕ್ಕೆ ಹೆಸರಾದ ನೆಲ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದ ಮಾಲದಂಡಿ ಜೋಳವು ನಮ್ಮ ಹೊಲಗಳಲ್ಲಿ ಎಷ್ಟು ಚೆನ್ನಾಗಿ ಒಗ್ಗಿತೆಂದರೆ, ಎಷ್ಟೋ ಹೊಸ ತಳಿಗಳು ಬಂದರೂ ರೊಟ್ಟಿಯ ರುಚಿಯಲ್ಲಿ ಅದನ್ನು ಸರಿಗಟ್ಟಲಿಲ್ಲ ಎಂದು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಮಳೆ ನಿಂತ ಮೇಲೆ ಬಿತ್ತಿ, ಭೂಮಿಯಲ್ಲಿ ಉಳಿದ ತೇವದಿಂದಲೇ ಬೆಳೆದು ನಿಲ್ಲುವ ಬೆಳೆ ಅದು. ನದಿಯ ನೀರು ಹೊಲಕ್ಕೆ ಬಂದ ಮೇಲೆ, ಸಕ್ಕರೆ ಕಾರ್ಖಾನೆಗಳು ಹತ್ತಿರವೇ ಎದ್ದ ಮೇಲೆ, ರೈತನು ಕಬ್ಬಿನ ಕಡೆಗೆ ತಿರುಗಿದ್ದಾನೆ. ಅವನನ್ನು ದೂರುವುದು ನಮ್ಮ ಉದ್ದೇಶವಲ್ಲ. ನಾಲ್ಕು ಕಾಸು ಕಾಣುವ ಬೆಳೆಯನ್ನು ಬಿಟ್ಟು ಜೋಳ ಬಿತ್ತು ಎಂದು ಹೇಳುವ ಅಧಿಕಾರ ನಮಗೆಲ್ಲಿದೆ?

ಆದರೆ ಹೊಲದಲ್ಲಿ ಆದುದೇ ನಮ್ಮ ಅಡುಗೆ ಮನೆಯಲ್ಲೂ ಆಗಿದೆ. ತಾಟಿನಿಂದ ರೊಟ್ಟಿ ಜಾರಿತು, ಚಹಾದ ಕಪ್ಪಿಗೆ ಸಕ್ಕರೆ ಬಂತು. ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳಿಂದ ಬಂದವರೂ ಇಲ್ಲಿದ್ದೀರಿ. ನಿಮ್ಮ ಓಣಿಯಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಇಲ್ಲದ ಮನೆಗಳೆಷ್ಟು, ಒಮ್ಮೆ ಎಣಿಸಿ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂದು ಅಂದಾಜಿಸಿತು. ಇನ್ನೂ 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಲ್ಲಿದ್ದಾರೆ. ಈ ಎರಡನೆಯ ಸಂಖ್ಯೆಯ ಕಡೆಗೆ ನಿಮ್ಮ ಗಮನ ಸೆಳೆಯಲು ಬಯಸುತ್ತೇವೆ. ಹೊಸ್ತಿಲಲ್ಲಿ ನಿಂತವರಲ್ಲಿ ಅನೇಕರು ಹಿಂದೆ ಸರಿಯಬಲ್ಲರು. ಅದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ, ದಿನಚರಿಯ ಸಣ್ಣ ಬದಲಾವಣೆಗಳು ಸಾಕು.

ಮೊದಲು ಚಹಾದ ಲೆಕ್ಕ ಮಾಡೋಣ. ಒಂದು ಸಣ್ಣ ಚಮಚೆ ಸಕ್ಕರೆ ಸುಮಾರು 5 ಗ್ರಾಂ. ಒಂದು ಕಪ್ಪಿಗೆ ಎರಡು ಚಮಚೆಯಂತೆ ದಿನಕ್ಕೆ ನಾಲ್ಕು ಕಪ್ ಕುಡಿದರೆ 40 ಗ್ರಾಂ. ಬೆರೆಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಹೆಚ್ಚು ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಬಿಸ್ಕತ್ತು, ಶರಬತ್ತು, ಮಿಠಾಯಿಯ ಮಾತೆತ್ತುವ ಮೊದಲೇ ನಾವು ಗೆರೆ ದಾಟಿರುತ್ತೇವೆ. ನಾಲ್ವರು ದೊಡ್ಡವರಿರುವ ಮನೆಯಲ್ಲಿ ತಿಂಗಳಿಗೆ ಸುಮಾರು 5 ಕಿಲೋ ಸಕ್ಕರೆ ಚಹಾದಲ್ಲೇ ಕರಗುತ್ತದೆ. ಕಿರಾಣಿ ಚೀಟಿಯನ್ನು ತೆಗೆದು ನೋಡಿದರೆ ಇದು ಉತ್ಪ್ರೇಕ್ಷೆಯಲ್ಲ ಎಂದು ತಿಳಿಯುತ್ತದೆ.

ನಮ್ಮ ಮನೆಯ ಅನುಭವವನ್ನೇ ಹೇಳುತ್ತೇವೆ. ಸಕ್ಕರೆಯನ್ನು ಒಮ್ಮೆಲೇ ಬಿಡಲು ಹೋಗಿ ಮೂರನೆಯ ದಿನಕ್ಕೇ ಸೋತೆವು. ಆ ಮೇಲೆ ಹದಿನೈದು ದಿನಕ್ಕೊಮ್ಮೆ ಕಾಲು ಚಮಚೆ ಕಡಿಮೆ ಮಾಡುತ್ತ ಬಂದೆವು. ನಾಲಿಗೆಗೆ ತಿಳಿಯದಂತೆ ಎರಡು ಚಮಚೆ ಅರ್ಧಕ್ಕೆ ಇಳಿಯಿತು. ಈಗ ಬೇರೆಯವರ ಮನೆಯ ಚಹಾ ಪಾಯಸದಂತೆ ತೋರುತ್ತದೆ. ಇಷ್ಟಾದರೂ ಒಂದು ತೊಡಕು ಉಳಿದಿತ್ತು: ಅತಿಥಿಗಳು. ಸಕ್ಕರೆ ಕಡಿಮೆಯಾದರೆ ಜಿಪುಣರೆಂದು ತಿಳಿಯುತ್ತಾರೆಂಬ ಅಂಜಿಕೆ. ಸಕ್ಕರೆಯನ್ನು ಬೇರೆ ಬಟ್ಟಲಿನಲ್ಲಿ ಮುಂದಿಟ್ಟ ದಿನದಿಂದ ಅದೂ ಹೋಯಿತು.

ಇನ್ನು ರೊಟ್ಟಿಯ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕಬ್ಬಿಣದ ಅಂಶ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಅಕ್ಕಿಯಲ್ಲಿ ಒಂದಕ್ಕಿಂತ ಕಡಿಮೆ. ನಾರು ಹೆಚ್ಚಿದ್ದಷ್ಟೂ ಅನ್ನಾಂಶವು ನಿಧಾನವಾಗಿ ಕರಗಿ ರಕ್ತಕ್ಕೆ ಸೇರುತ್ತದೆ, ಹೊಟ್ಟೆ ಬೇಗ ಹಸಿಯುವುದಿಲ್ಲ. ಹಾಗೆಂದು ಜೋಳವೇನೂ ಔಷಧವಲ್ಲ. ಐದಾರು ರೊಟ್ಟಿ ತಿಂದು, ಮೇಲೆ ತಾಟು ತುಂಬ ಅನ್ನ ಬಡಿಸಿಕೊಂಡರೆ ಸಕ್ಕರೆ ಏರಿಯೇ ಏರುತ್ತದೆ. ಎರಡು ರೊಟ್ಟಿ, ಅದರ ಜೊತೆಗೆ ಮಡಕಿ ಕಾಳಿನ ಪಲ್ಲೆ ಅಥವಾ ಬೇಳೆ ಹಾಕಿದ ಪುಂಡಿಪಲ್ಲೆ, ಹಸಿ ಸವತೆಕಾಯಿ, ಒಂದು ಬಟ್ಟಲು ಮಜ್ಜಿಗೆ. ಕೊನೆಗೆ ಒಂದು ಹಿಡಿ ಅನ್ನ. ಈ ಊಟದಲ್ಲಿ ಹೊಸತೇನಿದೆ? ನಮ್ಮ ತಾಯಂದಿರ ಅಡುಗೆಯೇ ಇದು.

ಆದರೂ ಅದು ಯಾಕೆ ಹೋಯಿತು? ಮೊದಲ ಕಾರಣ ಪ್ರತಿಷ್ಠೆ. ಅನ್ನ, ಬಿರಿಯಾನಿ ಉಳ್ಳವರ ಊಟ, ರೊಟ್ಟಿ ಕೂಲಿಯವರ ಊಟ ಎಂಬ ಭಾವನೆ ಪಟ್ಟಣದ ನಮ್ಮ ಮನೆಗಳಲ್ಲಿ ಮೆಲ್ಲನೆ ಬೇರೂರಿತು. ವಿಜಯಪುರದಲ್ಲಿ ಎರಡನೆಯ ಇಬ್ರಾಹೀಂ ಆದಿಲ್‌ಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಶ್ತಾ, ಈ ನೆಲದ ವೈದ್ಯರ ಅರಿವನ್ನು ಕಲೆಹಾಕಿ ಪಾರಸಿಯಲ್ಲಿ ಒಂದು ವೈದ್ಯಗ್ರಂಥವನ್ನೇ ರಚಿಸಿದ. ಹೊರನಾಡಿನಿಂದ ಬಂದ ವಿದ್ವಾಂಸನಿಗೆ ಇಲ್ಲಿಯ ತಿಳಿವಳಿಕೆ ಕೀಳೆನಿಸಲಿಲ್ಲ. ಇಲ್ಲಿಯೇ ಹುಟ್ಟಿದ ನಮಗೆ ಇಲ್ಲಿಯ ರೊಟ್ಟಿ ಕೀಳೆನಿಸುತ್ತಿದೆ!

ಎರಡನೆಯ ಕಾರಣ ಪಡಿತರ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಬಡವರ ಮನೆಯ ಹಸಿವನ್ನು ತಣಿಸಿತು. ಅದನ್ನು ಹಗುರವಾಗಿ ಕಾಣುವವರು ಹಸಿವನ್ನು ಕಂಡವರಲ್ಲ. ಆದರೆ ಜೋಳ ಉಣ್ಣುವ ನಾಡಿಗೆ ಪಡಿತರದಲ್ಲಿ ಮುಖ್ಯವಾಗಿ ಬಂದುದು ಅಕ್ಕಿ. ಉತ್ತರದ ಜಿಲ್ಲೆಗಳಿಗೆ ಜೋಳವನ್ನೂ ಕೊಡುವ ಪ್ರಯತ್ನಗಳು ನಡೆದಿವೆ, ವರ್ಷದುದ್ದಕ್ಕೂ ನಂಬಿ ಕೂರುವಷ್ಟು ಅದು ಸಿಕ್ಕಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ನಗರಗಳಲ್ಲಿ ಮೇಳಗಳಾದವು, ಭಾಷಣಗಳಾದವು. ಸರಕಾರವು ಒಳ್ಳೆಯ ಬೆಲೆ ಕೊಟ್ಟು ಜೋಳ ಕೊಂಡು, ಅದನ್ನೇ ಇಲ್ಲಿಯ ಪಡಿತರ ಅಂಗಡಿಗೆ ಕಳಿಸಿದರೆ ರೈತನೂ ಉಳಿಯುತ್ತಾನೆ, ಉಣ್ಣುವವನೂ ಉಳಿಯುತ್ತಾನೆ. ಮತ ಕೇಳಲು ಬರುವವರ ಮುಂದೆ ರಸ್ತೆ, ಚರಂಡಿಯ ಜೊತೆಗೆ ಈ ಬೇಡಿಕೆಯನ್ನೂ ಇಡಬೇಕು.

ಮೂರನೆಯ ಕಾರಣವನ್ನು ಪುರುಷರು ಸ್ವಲ್ಪ ಗಮನವಿಟ್ಟು ಕೇಳಬೇಕು. ರೊಟ್ಟಿ ಬಡಿಯುವುದು ಕಷ್ಟದ ಕೆಲಸ. ಒಲೆಯ ಮುಂದೆ ಕುಳಿತು ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿದವಳ ಭುಜ, ಬೆನ್ನು, ಕಣ್ಣುಗಳನ್ನು ಕೇಳಿ. ಅನ್ನಕ್ಕೆ ಕುಕ್ಕರ್ ಇಟ್ಟರೆ ಮುಗಿಯಿತು. ಆದ್ದರಿಂದ ‘ನಾಳೆಯಿಂದ ಮನೆಯಲ್ಲಿ ರೊಟ್ಟಿಯೇ ಆಗಬೇಕು’ ಎಂದು ಈ ಸಭೆಯಿಂದ ಎದ್ದು ಹೋಗಿ ಆಜ್ಞೆ ಮಾಡುವವರಿದ್ದರೆ, ದಯವಿಟ್ಟು ಆ ಮಾತನ್ನು ನಮ್ಮ ಹೆಸರಿನಲ್ಲಿ ಹೇಳಬೇಡಿ. ನೀವು ಹಿಟ್ಟು ಬೀಸಿಸಿಕೊಂಡು ಬನ್ನಿ, ಪಲ್ಲೆ ಸೋಸಿ ಕೊಡಿ, ತಾಟು ತೊಳೆಯಿರಿ. ವಾರದಲ್ಲಿ ಎರಡು ದಿನ ಕಟಕ ರೊಟ್ಟಿಯನ್ನು ಕೊಂಡು ತನ್ನಿ. ಅದು ದಿನಗಟ್ಟಲೆ ಕೆಡುವುದಿಲ್ಲ. ಭೀಮೆಯ ಆಚೆಯ ಕಲಬುರಗಿ ಜಿಲ್ಲೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಬಡಿದ ರೊಟ್ಟಿಯನ್ನು ಜಿಲ್ಲಾಡಳಿತವು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದೆ. ನಮ್ಮ ಓಣಿಯ ವಿಧವೆಯರು, ದುಡಿಮೆಯಿಲ್ಲದ ಸಹೋದರಿಯರು ಇಂಥ ಕೆಲಸ ಹಿಡಿದರೆ ಅವರಿಂದಲೇ ಕೊಳ್ಳಬಹುದಲ್ಲವೇ?

ಹೆಣ್ಣುಮಕ್ಕಳ ಮಾತು ಬಂದುದರಿಂದ ನಡಿಗೆಯನ್ನೂ ಹೇಳಿಬಿಡುತ್ತೇವೆ. ವಾರಕ್ಕೆ 150 ನಿಮಿಷ, ಎಂದರೆ ಐದು ದಿನ ಅರ್ಧ ಗಂಟೆಯಂತೆ ಬಿರುಸಾಗಿ ನಡೆಯಬೇಕೆಂಬುದು ವೈದ್ಯರ ಸಲಹೆ. ಪುರುಷರು ಮುನ್ನೂರು ಹೆಜ್ಜೆ ದೂರದ ಮಸೀದಿಗೂ ಬೈಕ್ ಹತ್ತುವುದನ್ನು ಬಿಟ್ಟರೆ ಅವರ ಅರ್ಧ ಲೆಕ್ಕ ಅಲ್ಲೇ ತೀರುತ್ತದೆ. ಹೆಣ್ಣುಮಕ್ಕಳು ಎಲ್ಲಿ ನಡೆಯಬೇಕು? ಓಣಿ ಇಕ್ಕಟ್ಟು, ರಸ್ತೆಯ ಬದಿಗೆ ನಡೆಯಲು ಜಾಗವಿಲ್ಲ, ಹೊರಟರೆ ‘ಎಲ್ಲಿಗೆ?’ ಎಂಬ ಪ್ರಶ್ನೆ. ಮನೆಗೆಲಸವೇ ವ್ಯಾಯಾಮವಲ್ಲವೇ ಎನ್ನುವವರಿದ್ದಾರೆ. ದಣಿವು ಬೇರೆ, ವ್ಯಾಯಾಮ ಬೇರೆ. ಶಾಲೆಯ ಮೈದಾನವನ್ನು ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು ಹೆಣ್ಣುಮಕ್ಕಳಿಗಾಗಿ ತೆರೆದಿಡಿ ಎಂದು ಪಂಚಾಯತಿಯನ್ನು, ಪುರಸಭೆಯನ್ನು ಕೇಳೋಣ. ಅದಕ್ಕೆ ಖರ್ಚಿಲ್ಲ, ಬೀಗದ ಕೈ ಬೇಕು ಅಷ್ಟೆ.

ಉಪ್ಪು, ತಂಬಾಕಿನ ಬಗ್ಗೆ ಉದ್ದ ಮಾತು ಬೇಡ. ಉಪ್ಪಿನಕಾಯಿ, ಹಪ್ಪಳ, ಹಿಂಡಿ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚೆ ಉಪ್ಪಿಗಿಂತ ಹೆಚ್ಚಾಗಬಾರದು. ಗುಟಖಾವನ್ನು ರಾಜ್ಯವು 2013ರಲ್ಲೇ ನಿಷೇಧಿಸಿತು. ವ್ಯಾಪಾರವು ಪಾನ್ ಮಸಾಲೆಯನ್ನೂ ತಂಬಾಕನ್ನೂ ಎರಡು ಚೀಟಿಗಳಲ್ಲಿ ಮಾರಿ ಕಾನೂನನ್ನು ಅಣಕಿಸಿತು. ನಮ್ಮ ಹುಡುಗರು ಎರಡನ್ನೂ ಬೆರೆಸಿ ಬಾಯಿಗೆ ಹಾಕಿಕೊಂಡರು. ಮಗ ಬಾಯಿ ಪೂರ್ತಿ ತೆರೆಯಲಾರದೆ ರೊಟ್ಟಿಯನ್ನು ಚೂರು ಮಾಡಿ ತಿನ್ನುತ್ತಿದ್ದರೆ ತಂದೆ ಸುಮ್ಮನಿರಬಾರದು, ಅಂದೇ ವೈದ್ಯರಿಗೆ ತೋರಿಸಬೇಕು. ಇಫ್ತಾರಿನ ತಾಟಿನಲ್ಲಿ ಭಜಿಯ ಜಾಗಕ್ಕೆ ಹಣ್ಣು, ನೆನೆಸಿದ ಕಡಲೆ ಬರಲಿ ಎಂದೂ ಕೋರುತ್ತೇವೆ. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸಕ್ಕೆ ಮುನ್ನ ವೈದ್ಯರನ್ನು ಕಾಣಬೇಕು. ರೊಟ್ಟಿ ತಿನ್ನುತ್ತಿದ್ದೇನೆಂದು ಯಾರೂ ತಾವಾಗಿಯೇ ಗುಳಿಗೆ ಬಿಡಬಾರದು.

ಕೊನೆಯದಾಗಿ, ತಪಾಸಣೆ. ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆಯನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೋಡುತ್ತಾರೆ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಬಾಗಿಲಿಗೇ ಬರುವ ವ್ಯವಸ್ಥೆಯಿದೆ. ಆಶಾ ಕಾರ್ಯಕರ್ತೆ ಬಂದಾಗ ‘ಮನೆಯವರು ಇಲ್ಲ, ಆಮೇಲೆ ಬನ್ನಿ’ ಎಂದು ಕಳಿಸುವ ಸಹೋದರಿಯರೇ, ಅವರು ನಿಮ್ಮನ್ನೇ ನೋಡಲು ಬಂದಿರುತ್ತಾರೆ. ಗಂಡನ ಗುಳಿಗೆಯ ಹೊತ್ತನ್ನು ಗಡಿಯಾರದಂತೆ ನೆನಪಿಡುವವಳು ತನ್ನ ಕೈಯನ್ನು ಒಮ್ಮೆಯೂ ಸೂಜಿಗೆ ಚಾಚಿರುವುದಿಲ್ಲ. ಎಲ್ಲರೂ ಉಂಡ ಮೇಲೆ ಉಳಿದ ಅನ್ನವನ್ನು ಉಂಡು, ತಲೆಸುತ್ತು ಬಂದರೆ ದಣಿವೆಂದು ಮಲಗುತ್ತಾಳೆ. ಈ ವಾರದಲ್ಲಿ ಪ್ರತಿ ಮನೆಯಿಂದ ಒಬ್ಬರಾದರೂ ಪರೀಕ್ಷೆಗೆ ಹೋಗಬೇಕು, ಆ ಒಬ್ಬರು ಮನೆಯ ತಾಯಿಯಾಗಿರಲಿ ಎಂದು ವಿನಂತಿಸುತ್ತೇವೆ.

ಸಭೆಯ ನಂತರ ಚಹಾ ಇದೆ ಎಂದು ಊರ ಹಿರಿಯರು ತಿಳಿಸಿದ್ದಾರೆ. ಸಕ್ಕರೆಯನ್ನು ಬೇರೆ ಬಟ್ಟಲಿನಲ್ಲಿ ಇಡುವಂತೆ, ಮೊದಲ ಕಪ್ಪುಗಳನ್ನು ಒಳಗಿನ ಕೋಣೆಯಲ್ಲಿ ಕುಳಿತಿರುವ ಸಹೋದರಿಯರಿಗೆ ಕೊಡುವಂತೆ ಅವರನ್ನು ಕೇಳಿಕೊಂಡಿದ್ದೇವೆ.