ಸಾವಿರಕ್ಕೆ ಏಳು



ಚಾಮರಾಜನಗರ ತಾಲ್ಲೂಕಿಗೆ ಸೇರಿದ ಚಂದಕವಾಡಿಯು ಒಂದು ಹೋಬಳಿಯ ಮುಖ್ಯ ಗ್ರಾಮ. ಆ ಊರಿನಲ್ಲಿ, ವೈದ್ಯಳಾಗಬೇಕೆಂಬ ಆಸೆಯುಳ್ಳ ಹುಡುಗಿಯೊಬ್ಬಳಿರುವಳೆಂದು ತಾವು ಊಹಿಸಿಕೊಳ್ಳಬೇಕು. 1962ರಲ್ಲಾಗಿದ್ದರೆ ಅವಳಿಗೆ ಮೈಸೂರಿನ ವೈದ್ಯಕೀಯ ಕಾಲೇಜೇ ಹತ್ತಿರದ್ದಾಗಿತ್ತು; 2016ರಿಂದೀಚೆಗೆ ಚಾಮರಾಜನಗರದಲ್ಲಿಯೇ ಸರ್ಕಾರದ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಕಾಲೇಜು ಸಮೀಪಕ್ಕೆ ಬಂದಿತು, ಸಂತೋಷವೇ. ಆದರೆ ಕಾಲೇಜಿನಲ್ಲಿರುವ ಸ್ಥಾನಗಳು ಕೆಲವು, ಬೇಡುವವರು ಹಲವರು, ಯಾರಿಗೆ ಕೊಡತಕ್ಕದ್ದು? ಈ ಪ್ರಶ್ನೆಯನ್ನು ನಮ್ಮ ಮೈಸೂರು ಸೀಮೆಯು ಬಹುಕಾಲದಿಂದ ವಾದಿಸುತ್ತ ಬಂದಿದೆ.

ಮೊದಲು ಎದ್ದ ವಿವಾದವು ಕಾಲೇಜಿನದಲ್ಲ, ಸರ್ಕಾರಿ ಉದ್ಯೋಗದ್ದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟನ್ನೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲನ್ನೂ ಬ್ರಾಹ್ಮಣೇತರ ಸಮುದಾಯಗಳಿಗೆ ದೊರಕಿಸಬೇಕೆಂದು ಆ ಸಮಿತಿಯು ಸೂಚಿಸಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ಮಾರ್ಗವು ಒಪ್ಪಿಗೆಯಾಗಲಿಲ್ಲ. ಅವರು ಅಧಿಕಾರವನ್ನು ಬಿಟ್ಟರು. ಇಬ್ಬರೂ ಪ್ರಜೆಗಳ ಹಿತವನ್ನೇ ಬಯಸಿದವರು. ಹೀಗಿರಲಾಗಿ ಒಬ್ಬರನ್ನು ಹೊಗಳುವುದಕ್ಕೋಸ್ಕರ ಇನ್ನೊಬ್ಬರನ್ನು ಹಳಿಯುವ ನಮ್ಮ ರೂಢಿಯು ನನಗೆ ಹಿಡಿಸದು.

ಹುದ್ದೆಗೆ ಕಾಲೇಜೇ ಬಾಗಿಲಾದುದರಿಂದ, ವಾದವು ಬಾಗಿಲಿಗೆ ಬಂದುದು ಸಹಜವೇ ಆಗಿದೆ. ಮದರಾಸು ಸರ್ಕಾರವು ಕೋಮುವಾರು ಸ್ಥಾನಗಳನ್ನು ಹಂಚುತ್ತಿದ್ದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 1951ರಲ್ಲಿ ರದ್ದು ಮಾಡಿತು. ಅದೇ ವರ್ಷ ಸಂವಿಧಾನವನ್ನು ತಿದ್ದಿ, ಹಿಂದುಳಿದ ವರ್ಗಗಳ ಏಳಿಗೆಗಾಗಿ ವಿಶೇಷ ಏರ್ಪಾಡು ಮಾಡಬಹುದೆಂದು ವಿಧಿಸಲಾಯಿತು. ಮೈಸೂರು ಸರ್ಕಾರವು 1958ರಲ್ಲಿ ಬ್ರಾಹ್ಮಣರನ್ನುಳಿದು ಮಿಕ್ಕೆಲ್ಲರೂ ಹಿಂದುಳಿದವರೆಂದು ಹೇಳಿ ನೂರಕ್ಕೆ 75 ಸ್ಥಾನಗಳನ್ನು ಕಾದಿರಿಸಿತು; ಅದು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಆ ಬಳಿಕ ನಾಗನಗೌಡ ಸಮಿತಿಯು ಲೆಕ್ಕ ತೆಗೆಯಿತು. 1962ನೆಯ ಜುಲೈ 31ರ ಆಜ್ಞೆಯು ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗಳಿಗೆ 15, ಪರಿಶಿಷ್ಟ ಪಂಗಡಗಳಿಗೆ 3, ಅಂತು 68ನ್ನು ಮೀಸಲಾಗಿಟ್ಟಿತು. ಹೆಚ್ಚು ಅಂಕಗಳನ್ನು ಪಡೆದೂ ಸ್ಥಾನ ಸಿಕ್ಕದ ವಿದ್ಯಾರ್ಥಿಗಳು ದೆಹಲಿಗೆ ಹೋದರು. ಅವರ ಸಂಕಟವು ಹುಸಿಯಾದುದಲ್ಲ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಮುಚ್ಚಿದ ಬಾಗಿಲು ಜನ್ಮವೆಲ್ಲ ನೆನಪಿನಲ್ಲಿರುತ್ತದೆ. ಬಾಲಾಜಿ ಮೊಕದ್ದಮೆಯೆಂದು ಹೆಸರಾದ ಆ ವ್ಯಾಜ್ಯದಲ್ಲಿ, ಸೆಪ್ಟೆಂಬರ್ 28ರಂದು, ಆಜ್ಞೆಯು ಬಿದ್ದುಹೋಯಿತು. ಮೀಸಲು ಸಾಮಾನ್ಯವಾಗಿ ನೂರಕ್ಕೆ ಐವತ್ತಕ್ಕಿಂತ ಕಡಮೆಯಿರಬೇಕು, ಜಾತಿಯೊಂದೇ ಅಳತೆಗೋಲಾಗಬಾರದು, ಬಡತನ, ಕಸುಬು, ವಾಸಸ್ಥಳ ಇವುಗಳನ್ನೂ ನೋಡಬೇಕು ಎಂಬುದು ತೀರ್ಪಿನ ಸಾರ.

ಈ ಮೊಕದ್ದಮೆಯನ್ನು ಕುರಿತು ಮಾತನಾಡುವವರೆಲ್ಲರೂ 68 ಮತ್ತು 50 ಎಂಬ ಅಂಕಿಗಳನ್ನೇ ಹೇಳುತ್ತಾರೆ. ನನ್ನ ಮನಸ್ಸನ್ನು ಕಲಕಿದ ಅಂಕಿ ಬೇರೆಯದು. ಯಾವ ಸಮುದಾಯವು ಹಿಂದುಳಿದುದು ಎಂದು ನಿರ್ಣಯಿಸುವುದಕ್ಕಾಗಿ, ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿರುವವರು ಜನಸಂಖ್ಯೆಯಲ್ಲಿ ಸಾವಿರಕ್ಕೆ ಎಷ್ಟು ಮಂದಿ ಎಂದು ಎಣಿಸಿದರು. ಇಡೀ ರಾಜ್ಯದ ಸರಾಸರಿ 6.9. ಅದನ್ನು ಏಳೆಂದು ತುಂಬಿಸಿದ್ದರಿಂದ, 7.1 ಬಂದ ಸಮುದಾಯವೂ ಹಿಂದುಳಿದವರ ಪಟ್ಟಿಯೊಳಕ್ಕೆ ಬಂದಿತು. ಸರಾಸರಿಗಿಂತ ಬಹಳ ಕೆಳಗಿರುವವರನ್ನಲ್ಲದೆ ಅಂಚಿನಲ್ಲಿರುವವರನ್ನು ಸೇರಿಸಲಾಗದೆಂದು ನ್ಯಾಯಾಲಯವು ಆಕ್ಷೇಪಿಸಿತು. ಸರಿಯಾದ ಆಕ್ಷೇಪಣೆಯೇ. ಆದರೆ ಆ ಸರಾಸರಿಯನ್ನೇ ಒಮ್ಮೆ ನೋಡಿರಿ! ಸಾವಿರ ಜನರಲ್ಲಿ ಆ ಮೂರು ತರಗತಿಗಳ ವಯಸ್ಸಿನ ಮಕ್ಕಳು ಸ್ಥೂಲವಾಗಿ ಅರವತ್ತು ಎಪ್ಪತ್ತು ಮಂದಿಯಾದರೂ ಇರಬೇಕು. ಅವರಲ್ಲಿ ತರಗತಿಯಲ್ಲಿದ್ದವರು ಏಳು. ಮಿಕ್ಕವರು ಹೊಲದಲ್ಲಿಯೋ, ಮಗ್ಗದ ಬಳಿಯೋ, ದನದ ಹಿಂದೆಯೋ, ತಮ್ಮತಂಗಿಯರನ್ನೆತ್ತಿಕೊಂಡು ಮನೆಯಲ್ಲಿಯೋ ಇದ್ದರು. ಮೀಸಲು ಹೆಚ್ಚಲಿ, ಕಡಮೆಯಾಗಲಿ, ಆ ಮೊಕದ್ದಮೆಯಲ್ಲಿ ಅವರು ವಾದಿಗಳೂ ಅಲ್ಲ, ಪ್ರತಿವಾದಿಗಳೂ ಅಲ್ಲ.

ತೀರ್ಪಿನ ತರುವಾಯ ಸರ್ಕಾರವು ಜಾತಿಯನ್ನು ಬಿಟ್ಟು, ವರ್ಷಕ್ಕೆ 1200 ರೂಪಾಯಿಗೆ ಮೀರದ ವರಮಾನವನ್ನೂ ಬೇಸಾಯ, ಕೈಗೆಲಸ ಮೊದಲಾದ ಕಸುಬುಗಳನ್ನೂ ಗುರುತಾಗಿಟ್ಟುಕೊಂಡಿತು. 1964ರಲ್ಲಿ ಚಿತ್ರಲೇಖಾ ಎಂಬುವರ ಮೊಕದ್ದಮೆಯಲ್ಲಿ ಈ ಏರ್ಪಾಡು ಊರ್ಜಿತವಾಯಿತು. ನೋಡುವುದಕ್ಕೆ ನಿಷ್ಪಕ್ಷಪಾತವಾದುದು, ಆದರೂ ಪದವೀಧರರಾದ ಚಿಕ್ಕಪ್ಪಂದಿರಿರುವ ಸಣ್ಣ ಅಂಗಡಿಯವನ ಮಗನಿಗೂ, ಮನೆತನದಲ್ಲಿಯೇ ಅಕ್ಷರ ಕಾಣದ ಕೂಲಿಯ ಮಗಳಿಗೂ ವರಮಾನ ಒಂದೇ ಆದ ಮಾತ್ರಕ್ಕೆ ಸಮತ್ವವೆಲ್ಲಿಂದ ಬಂದೀತು? 1972ರಲ್ಲಿ ದೇವರಾಜ ಅರಸರ ಸರ್ಕಾರವು ನೇಮಿಸಿದ ಹಾವನೂರ ಆಯೋಗವು ಹಳೆಯ ಗಂಟನ್ನು ಮತ್ತೆ ಬಿಚ್ಚಬೇಕಾಯಿತು. ಅದರ ವರದಿ ಬಂದುದು 1975ರಲ್ಲಿ.

ಅಮೆರಿಕದವರೂ ಈ ಹೊಳೆಯಲ್ಲಿ ಈಜಿದವರೇ. ಕ್ಯಾಲಿಫೋರ್ನಿಯಾದ ಡೇವಿಸ್ ವೈದ್ಯಕೀಯ ಶಾಲೆಯು 100ರಲ್ಲಿ 16 ಸ್ಥಾನಗಳನ್ನು ಪ್ರತ್ಯೇಕಿಸಿದ್ದಿತು. ಬಾಕಿ ಎಂಬುವರ ಮೊಕದ್ದಮೆಯಲ್ಲಿ, 1978ರಲ್ಲಿ, ಹೀಗೆ ಸಂಖ್ಯೆ ಗೊತ್ತುಮಾಡುವುದು ಸಲ್ಲದು, ವರ್ಣವನ್ನು ಹತ್ತರೊಡನೆ ಹನ್ನೊಂದಾಗಿ ಗಮನಿಸಬಹುದು ಎಂದಾಯಿತು. 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯಗಳ ವಿಷಯದಲ್ಲಿ ಬಂದ ತೀರ್ಪು ಆ ಪದ್ಧತಿಯನ್ನೂ ಕೊನೆಗಾಣಿಸಿತು. ಯಾರನ್ನು ಎಷ್ಟು ತೂಗಿದೆವೆಂದು ಹೇಳದೆ ತೂಗುವುದಕ್ಕಿಂತ, 6.9 ಎಂದೂ 7.1 ಎಂದೂ ಅಚ್ಚುಮಾಡಿ ಬಯಲಿನಲ್ಲಿಟ್ಟ ನಮ್ಮ ಒರಟು ಲೆಕ್ಕವೇ ಮೇಲೆಂದು ನನಗೆ ತೋರುತ್ತದೆ. ತಪ್ಪಿದ್ದರೆ ತೋರಿಸಲು ಅಲ್ಲಿ ಆಸ್ಪದವುಂಟು.

ಅಂಕಗಳೇ ಯೋಗ್ಯತೆಯೆಂಬ ವಾದಕ್ಕೆ, 1985ರ ಕರ್ನಾಟಕದ ಮೊಕದ್ದಮೆಯೊಂದರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಉತ್ತರ ಕೊಟ್ಟಿದ್ದಾರೆ. ಓದಲು ಪುಸ್ತಕವಿಲ್ಲದ, ಕೇಳಲು ರೇಡಿಯೋ ಸಹ ಇಲ್ಲದ ಮನೆಯಿಂದ ಬಂದು ನಲವತ್ತೋ ಐವತ್ತೋ ಅಂಕ ತೆಗೆದ ಮಗುವಿಗೆ ಯೋಗ್ಯತೆಯಿಲ್ಲವೆನ್ನಬಹುದೇ ಎಂಬುದು ಅವರ ಪ್ರಶ್ನೆಯ ಭಾವ. ರೇಡಿಯೋವಿನ ಮುಂದೆ ಕುಳಿತು ಇದನ್ನು ಹೇಳುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ.

ವಾಸಸ್ಥಳವನ್ನು ನೋಡಬೇಕೆಂಬ ಬಾಲಾಜಿ ತೀರ್ಪಿನ ಮಾತು ವ್ಯರ್ಥವಾಗಿಲ್ಲ. ಒಂದನೆಯ ತರಗತಿಯಿಂದ ಹತ್ತನೆಯದರವರೆಗೆ ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5, ಎಂಬ ಏರ್ಪಾಡು ರಾಜ್ಯದ ವೃತ್ತಿಶಿಕ್ಷಣದ ಸ್ಥಾನಗಳಲ್ಲಿದೆ. ಚಂದಕವಾಡಿಯ ಹುಡುಗಿಯು ಇವನ್ನು ಕೇಳಿ ಪಡೆಯಬಹುದು. ಅದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ ಬೇಕು. ಆ ಪತ್ರಕ್ಕೆ ಹತ್ತು ವರ್ಷಗಳ ಹಾಜರಿ ಬೇಕು. ಹಾಜರಿಗೆ, ಕೊಯ್ಲಿನ ತಿಂಗಳಿನಲ್ಲಿಯೂ ಅವಳನ್ನು ಶಾಲೆಗೆ ಕಳುಹಿಸುವ ತಾಯಿ ಬೇಕು.