ಪ್ರಯೋಗಾಲಯದಲ್ಲಿ ನಮ್ಮ ಅರಿಶಿನ

(ಗುಂಡ್ಲುಪೇಟೆಯಲ್ಲಿ ನಡೆದ ಮಾಸಿಕ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)

ಕ್ಯಾನ್ಸರ್ ಬಗ್ಗೆ ಪ್ರಯೋಗಾಲಯಗಳಲ್ಲಿ ಏನು ನಡೆಯುತ್ತಿದೆ ಎಂದು ಹೇಳಬೇಕೆಂಬುದು ಪೂಜ್ಯರ ಅಪ್ಪಣೆ. ನಾನು ಅರಿಶಿನದಿಂದಲೇ ಶುರು ಮಾಡುತ್ತೇನೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯಿಂದ ಬಂದಿರುವ ನಿಮ್ಮಲ್ಲಿ ಬಹಳ ಜನ ಅರಿಶಿನ ಬೆಳೆದವರು, ಬೇಯಿಸಿ ಒಣಗಿಸಿದವರು, ಈರೋಡಿನ ಮಾರುಕಟ್ಟೆಗೆ ಒಯ್ದು ದರಕ್ಕಾಗಿ ಕಾದವರು. "ಅರಿಶಿನ ಕ್ಯಾನ್ಸರನ್ನು ಕೊಲ್ಲುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ" ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬೇಕು. ವಿಜ್ಞಾನಿಗಳು ಹೇಳಿದ್ದು ನಿಜ. ಎಲ್ಲಿ ಕೊಲ್ಲುತ್ತದೆ ಎಂದು ಹೇಳಿದರು ಎಂಬುದನ್ನು ಮಾತ್ರ ಸಂದೇಶ ಕಳಿಸಿದವರು ಬಿಟ್ಟಿದ್ದಾರೆ.

ಗಾಜಿನ ತಟ್ಟೆಯಲ್ಲಿ ಕೊಲ್ಲುತ್ತದೆ. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ತಟ್ಟೆಗಳಲ್ಲಿ ಸಾಕುತ್ತಾರೆ. ಅವುಗಳಲ್ಲಿ ಹೆಸರಾದದ್ದು ಹೀಲಾ ಕೋಶ. 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಜನಾಂಗದ ತಾಯಿಯ ಗರ್ಭಕಂಠದ ಗಡ್ಡೆಯಿಂದ ತೆಗೆದದ್ದು. ಆಕೆಯನ್ನು ಒಂದು ಮಾತು ಕೇಳಲಿಲ್ಲ. ಆಕೆ ಅದೇ ವರ್ಷ ತೀರಿಕೊಂಡರು, ಕೋಶಗಳು ಇಂದಿಗೂ ಬೆಳೆಯುತ್ತಿವೆ. ಇಂಥ ಕೋಶಗಳ ಮೇಲೆ ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಹಾಕಿದರೆ ಅವು ಸಾಯುತ್ತವೆ. ಆದರೆ ತಟ್ಟೆಗೆ ಹೊಟ್ಟೆಯಿಲ್ಲ, ಕರುಳಿಲ್ಲ, ಯಕೃತ್ತಿಲ್ಲ. ನಾವು ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಸೇರಿದ್ದನ್ನೂ ದೇಹ ಬೇಗ ಬದಲಿಸಿ ಹೊರಹಾಕುತ್ತದೆ.

ಮನುಷ್ಯರ ಮೇಲೂ ನೋಡಿದ್ದಾರೆ. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯವರು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 25 ಜನರಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟು, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರಿಣಾಮ ಕಂಡದ್ದು ಇಬ್ಬರಲ್ಲಿ. ಒಬ್ಬರಲ್ಲಿ ರೋಗ ಬಹಳ ತಿಂಗಳು ಹೆಚ್ಚದೆ ನಿಂತಿತು, ಇನ್ನೊಬ್ಬರಲ್ಲಿ ಗಡ್ಡೆ ಕುಗ್ಗಿ ಸ್ವಲ್ಪ ಕಾಲಕ್ಕೆ ಮತ್ತೆ ಬೆಳೆಯಿತು. ಈಗ ಲೆಕ್ಕ ಹಾಕಿ. ನೂರು ಗ್ರಾಂ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3 ಗ್ರಾಂ. 8 ಗ್ರಾಂ ಬೇಕೆಂದರೆ ದಿನಕ್ಕೆ ಕಾಲು ಕೆಜಿಗೂ ಹೆಚ್ಚು ಪುಡಿ ತಿನ್ನಬೇಕು! ಹಾಲಿಗೆ ಚಿಟಿಕೆ ಅರಿಶಿನ ಹಾಕಿ ಕುಡಿಯಿರಿ, ಬೇಡ ಎನ್ನುವುದಿಲ್ಲ. ಆದರೆ ಅದು ಕ್ಯಾನ್ಸರಿಗೆ ಚಿಕಿತ್ಸೆಯಲ್ಲ. ಸಾರ ತೆಗೆದು ಮಾಡಿದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ದಾಖಲಾಗಿವೆ.

ಇನ್ನು ಬ್ಯಾಕ್ಟೀರಿಯಾದ ಮಾತು. ಸುಟ್ಟ ಗಾಯಕ್ಕೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಸೇರಿಕೊಳ್ಳುವ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇದೆ. ಈ ಜೀವಿಗಳು ಕೆಲವೇ ಇದ್ದಾಗ ತಣ್ಣಗಿರುತ್ತವೆ. ಸಂಖ್ಯೆ ಹೆಚ್ಚಿದಾಗ ಒಂದಕ್ಕೊಂದು ರಾಸಾಯನಿಕ ಸುಳಿವು ಕೊಟ್ಟುಕೊಂಡು ಒಟ್ಟಿಗೆ ವಿಷ ಬಿಡುತ್ತವೆ, ಮೇಲೊಂದು ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತವೆ. ಇದೇ ಅವುಗಳ ರೋಗಕಾರಕ ಶಕ್ತಿ. ತಿಮ್ಮರಾಜು ರುದ್ರಪ್ಪ ಮತ್ತು ಹರ್ಷ್ ಬೈಸ್ ಎಂಬ ಸಂಶೋಧಕರು 2008ರಲ್ಲಿ ತೋರಿಸಿದ್ದು, ಕರ್ಕ್ಯುಮಿನ್ ಈ ಸುಳಿವಿನ ಮಾತುಕತೆಯನ್ನೇ ಕುಗ್ಗಿಸುತ್ತದೆ ಎಂದು. ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ಕೈಯ ಆಯುಧ ಕಿತ್ತುಕೊಳ್ಳುವ ಈ ದಾರಿ ನನಗೆ ಬಹಳ ಹಿಡಿಸಿತು. ಆಂಟಿಬಯೋಟಿಕ್‌ಗಳು ಒಂದೊಂದಾಗಿ ಸೋಲುತ್ತಿರುವ ಈ ಕಾಲದಲ್ಲಿ ಅದು ಮುಖ್ಯ ದಾರಿ. ಆದರೆ ಅವರು ನೋಡಿದ್ದು ಒಂದು ಪುಟ್ಟ ಗಿಡದಲ್ಲಿ, ಒಂದು ಸಣ್ಣ ಹುಳುವಿನಲ್ಲಿ. ಅಜ್ಜಿಯ ಕಾಲಿನ ಹುಣ್ಣಿನಲ್ಲಲ್ಲ. ಹುಣ್ಣಿಗೆ ಅರಿಶಿನ ಮೆತ್ತಿ ವಾರಗಟ್ಟಲೆ ಕಾಯಬೇಡಿ.

ಹಾಗಾದರೆ ಪ್ರಯೋಗಾಲಯದ ಕೆಲಸ ಜನರಿಗೆ ತಲುಪುವುದೇ ಇಲ್ಲವೇ? ತಲುಪುತ್ತದೆ, ನಿಧಾನವಾಗಿ. ಹೊಟ್ಟೆಹುಣ್ಣಿಗೆ ಚಿಂತೆ, ಖಾರವೇ ಕಾರಣ ಎಂದು ವೈದ್ಯರೇ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಅದಕ್ಕೆ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕಾರಣ ಎಂದರು. ಯಾರೂ ಒಪ್ಪಲಿಲ್ಲ. ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು, ಹೊಟ್ಟೆಯ ಉರಿಯೂತ ತಂದುಕೊಂಡು ತೋರಿಸಿದರು. ಹತ್ತು ವರ್ಷದ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಜಠರದ ಕ್ಯಾನ್ಸರಿಗೂ ಕಾರಣವೆಂದು ಸಾರಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂದು ಎರಡು ವಾರದ ಮಾತ್ರೆಗಳಿಂದ ಆ ಬ್ಯಾಕ್ಟೀರಿಯಾವನ್ನು ಹೆಚ್ಚಿನವರಲ್ಲಿ ತೊಡೆದುಹಾಕಬಹುದು.

ರಕ್ತ ಪರೀಕ್ಷೆಯ ಬಗ್ಗೆ ತಾಯಂದಿರು ಗಮನ ಕೊಡಬೇಕು. "ಕ್ಯಾನ್ಸರ್ ಮಾರ್ಕರ್" ಎಂದು ಪ್ಯಾಕೇಜ್ ಮಾಡಿ ಮಾರುತ್ತಾರೆ. ಮಾರ್ಕರ್ ಎಂದರೆ ಗಡ್ಡೆ ಇದ್ದಾಗ ರಕ್ತದಲ್ಲಿ ಹೆಚ್ಚುವ ಒಂದು ಅಂಶ. ಅಂಡಾಶಯದ ಕ್ಯಾನ್ಸರಿನಲ್ಲಿ ಏರುವ ಸಿಎ-125 ಮುಟ್ಟಿನ ದಿನಗಳಲ್ಲೂ ಏರಬಹುದು, ಹೊಟ್ಟೆಯ ಕ್ಷಯದಲ್ಲೂ ಏರುತ್ತದೆ. ರೋಗವಿದ್ದೂ ಏರದಿರುವುದೂ ಉಂಟು. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ವೈದ್ಯರಿಗೆ ಅದು ಬಹಳ ಉಪಯೋಗ. ಏನೂ ತೊಂದರೆಯಿಲ್ಲದವರು ದುಡ್ಡು ಕೊಟ್ಟು ಮಾಡಿಸಿಕೊಂಡರೆ ಸಿಗುವುದು ಒಂದೋ ಸುಳ್ಳು ಭಯ, ಇಲ್ಲವೇ ಸುಳ್ಳು ಧೈರ್ಯ.

ಎದೆಯಲ್ಲಿ ಗಂಟು ಕಂಡರೂ ಮಗಳ ಮದುವೆ ಮುಗಿಯಲಿ, ಫಸಲು ಮನೆಗೆ ಬರಲಿ ಎಂದು ಸೆರಗಿನೊಳಗೇ ಮುಚ್ಚಿಕೊಳ್ಳುವ ತಾಯಂದಿರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ನೋವಿಲ್ಲವಲ್ಲ ಎನ್ನುತ್ತಾರೆ. ಶುರುವಿನಲ್ಲಿ ಅದು ನೋಯುವುದಿಲ್ಲ, ಅದೇ ಮೋಸ. ಅದಕ್ಕೆ ಮಾರ್ಕರೂ ಬೇಡ, ಪ್ಯಾಕೇಜೂ ಬೇಡ. ಮೊದಲು ಬೇಕಾದದ್ದು ತಿಳಿದವರ ಕೈ ಮುಟ್ಟಿ ನೋಡುವುದು. ಗರ್ಭಕಂಠಕ್ಕೆ ತೆಳು ವಿನಿಗರ್‌ನಂಥ ದ್ರವ ಹಚ್ಚಿ, ಬಿಳಿಯಾಗುತ್ತದೆಯೇ ಎಂದು ಕಣ್ಣಲ್ಲೇ ನೋಡುವ ಪರೀಕ್ಷೆ ಇದೆ. ಮುಂಬೈನ ಕೊಳಚೆ ಪ್ರದೇಶಗಳಲ್ಲಿ ಒಂದೂವರೆ ಲಕ್ಷ ಹೆಂಗಸರನ್ನು ಒಳಗೊಂಡ ಅಧ್ಯಯನದಲ್ಲಿ ಇದರಿಂದ ಆ ಕ್ಯಾನ್ಸರಿನ ಸಾವು 31% ಇಳಿಯಿತು. ತರಬೇತಿ ಪಡೆದ ಸಾಮಾನ್ಯ ಹೆಣ್ಣುಮಕ್ಕಳೇ ಆ ಪರೀಕ್ಷೆ ಮಾಡಿದ್ದು.

ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠ ಈ ಮೂರರ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದ ಕೆಲಸಗಳಲ್ಲೇ ಸೇರಿದೆ. ಎಲೆಅಡಿಕೆ, ಹೊಗೆಸೊಪ್ಪು ಹಾಕುವ ಗಂಡಸರೂ ಹೋಗಿ ಬಾಯಿ ತೆರೆದು ತೋರಿಸಿ. ತಾಯಂದಿರು ಒಬ್ಬೊಬ್ಬರೇ ಹೋಗಲು ಸಂಕೋಚ ಪಡುತ್ತಾರೆ, ಅದು ನನಗೆ ಗೊತ್ತು. ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಗೊತ್ತು ಮಾಡಿಕೊಂಡು ಬೀದಿಯ ನಾಲ್ಕೈದು ಜನ ಒಟ್ಟಿಗೆ ಹೊರಡಿ. ಸೊಸೆ ಅತ್ತೆಯನ್ನು ಕರೆದುಕೊಂಡು ಹೋಗಲಿ, ಅತ್ತೆ ಸೊಸೆಯನ್ನು.