ಕಲೆಯ ಕಸುಬುಗಳೂ ನಮ್ಮ ಊರುಗಳೂ



ದೊಡ್ಡ ಪಟ್ಟಣಗಳು ಕಲೆಗಳನ್ನೆಲ್ಲ ಸೆಳೆದುಕೊಳ್ಳುತ್ತವೆಂದು ನಾವು ದೂರುವುದುಂಟು. ದೂರುವ ಮೊದಲು ಅದರ ಕಾರಣವನ್ನು ವಿಚಾರಿಸುವುದು ಯುಕ್ತ. ಒಂದು ಚಲಚ್ಚಿತ್ರವು ಸಿದ್ಧವಾಗಬೇಕಾದರೆ ನಟರಷ್ಟೇ ಸಾಲರು. ಛಾಯಾಗ್ರಾಹಕ, ವಾದ್ಯಗಾರ, ಬಡಗಿ, ದರ್ಜಿ, ಹಣ ಹೂಡುವ ಸಾಹುಕಾರ, ಚಿತ್ರವನ್ನು ಊರೂರಿಗೆ ಹಂಚುವ ವ್ಯಾಪಾರಿ ಇವರೆಲ್ಲರೂ ಬೇಕು. ಇವರಲ್ಲಿ ಬಹುಮಂದಿ ಒಬ್ಬನೇ ಧಣಿಯ ಆಶ್ರಯದಲ್ಲಿ ಇರತಕ್ಕವರಲ್ಲ. ಒಂದು ಕೆಲಸ ಮುಗಿದರೆ ಮತ್ತೊಂದನ್ನು ಅರಸತಕ್ಕವರು. ಆದುದರಿಂದ ಕೆಲಸವು ಹೆಚ್ಚಾಗಿರುವಲ್ಲಿ ಇವರು ನೆಲೆಸುತ್ತಾರೆ. ಇವರು ನೆಲೆಸಿದಲ್ಲಿಗೆ ಹೊಸ ಕೆಲಸವೂ ಬರುತ್ತದೆ. ಆಂಗ್ಲ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲನು 1890ರಲ್ಲಿಯೇ ಈ ಬಗೆಯ ಒಗ್ಗೂಡುವಿಕೆಯನ್ನು ವಿವರಿಸಿರುವನು.

ಈ ನಿಯಮದಿಂದ ಕನ್ನಡವು ಪೆಟ್ಟು ತಿಂದಿದೆ. ನಮ್ಮ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರಲ್ಲಿ ತೆರೆ ಕಂಡಿತು. ಆದರೆ ಅದು ತಯಾರಾದದ್ದು ಕೊಲ್ಹಾಪುರದಲ್ಲಿ. ಅನಂತರ ಬಹುಕಾಲ ಮದರಾಸೇ ನಮ್ಮ ಚಿತ್ರಗಳ ಕಾರ್ಯಸ್ಥಾನವಾಗಿತ್ತು. ಮಾತು ನಮ್ಮದು, ಪ್ರೇಕ್ಷಕರು ನಮ್ಮವರು. ಕೂಲಿಯೂ ಕೌಶಲವೂ ಪರಪ್ರಾಂತದ ಪಾಲು! 1956ರಲ್ಲಿ ಪ್ರಾಂತವು ಒಂದಾಯಿತು. ಆದರೂ ಉದ್ಯಮವು ತಾನಾಗಿ ಹಿಂದಿರುಗಲಿಲ್ಲ. 1960ರ ದಶಕದಲ್ಲಿ ಮೈಸೂರು ಸರಕಾರವು ಸಹಾಯಧನವನ್ನು ಕೊಡತೊಡಗಿತು. ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ತಲೆಯೆತ್ತಿತು. ಕ್ರಮೇಣ ಅಲ್ಲಿಯ ಗಾಂಧಿನಗರವು ಈ ಉದ್ಯಮದ ಕೇಂದ್ರವಾಯಿತು. ಕಸುಬುಗಳು ಒಂದೆಡೆ ಕೂಡುವುದು ವಿಧಿಲಿಖಿತವಲ್ಲ, ಜನರ ಸಂಕಲ್ಪಕ್ಕೆ ಅದು ಮಣಿಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಆ ಸಂಕಲ್ಪವು ಬೆಂಗಳೂರಿಗೆ ಬಂದು ನಿಂತುಬಿಡಬೇಕೇ? ಹುಬ್ಬಳ್ಳಿಯ ತರುಣನಿಗೆ ಬೆಂಗಳೂರು ಕೊಲ್ಹಾಪುರಕ್ಕಿಂತಲೂ ದೂರ. ಊರೂರಿಗೂ ಒಂದು ಸ್ಟುಡಿಯೋ ಬೇಕೆಂದು ನಾವು ಕೇಳುವುದಿಲ್ಲ. ಅದು ನಷ್ಟದ ಮಾರ್ಗ. ಆದರೆ ಗ್ರಂಥಪ್ರಕಾಶನಕ್ಕೂ ನಾಟಕಕ್ಕೂ ಅಷ್ಟು ಬಂಡವಾಳ ಬೇಡ. ಧಾರವಾಡದ ಮನೋಹರ ಗ್ರಂಥಮಾಲೆಯು 1933ರಲ್ಲಿ ಹುಟ್ಟಿ, ರಾಜಧಾನಿಯ ಹಂಗಿಲ್ಲದೆ ನಾಡಿನ ಮೇಲಾದ ಗ್ರಂಥಗಳನ್ನು ಹೊರತಂದಿತು. ಸಾಗರದ ಸಮೀಪದ ಹೆಗ್ಗೋಡೆಂಬ ಹಳ್ಳಿಯಲ್ಲಿ 1949ರಲ್ಲಿ ನೀನಾಸಮ್ ಹುಟ್ಟಿತು; 1980ರಲ್ಲಿ ಅದು ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು; 1985ರಿಂದ ‘ತಿರುಗಾಟ’ದ ಮೂಲಕ ಊರೂರಿಗೆ ನಾಟಕವನ್ನು ಒಯ್ದಿತು. ಕಲಿಸುವ ಶಾಲೆ, ಆಡುವ ರಂಗ, ನೋಡುವ ಜನ ಈ ಮೂರೂ ಕೂಡಿದಲ್ಲಿ ಹಳ್ಳಿಯೂ ಕೇಂದ್ರವಾಗಬಲ್ಲದು.

ಸರಕಾರದಿಂದ ನಾವು ಕೇಳತಕ್ಕದ್ದು ಜಿಲ್ಲೆಗೊಂದು ಸುಸಜ್ಜಿತ ರಂಗಮಂದಿರ, ಶಿಕ್ಷಣಕ್ಕೆ ನೆರವು. ನಮ್ಮಿಂದ ನಾವು ಕೇಳಿಕೊಳ್ಳತಕ್ಕದ್ದು ಇದಕ್ಕಿಂತ ಕಠಿಣವಾದುದು: ಊರಿನ ನಾಟಕಕ್ಕೆ ಹಣ ಕೊಟ್ಟು ಹೋಗುವುದು, ಊರಿನ ಪ್ರಕಾಶಕನ ಪುಸ್ತಕವನ್ನು ಕೊಂಡು ಓದುವುದು. ಉಪಾಧ್ಯಾಯ ಬಂಧುಗಳು ಈ ರೂಢಿಯನ್ನು ಮಕ್ಕಳಲ್ಲಿ ಬಿತ್ತಿದರೆ, ಕಲಾವಿದನು ಹೊಟ್ಟೆಗಾಗಿ ಊರು ಬಿಡುವ ಪ್ರಸಂಗವು ತಪ್ಪೀತು.